ಒತ್ತು ಶ್ಯಾವಿಗೆ ತೂತಿಗಿಂತ ಯಾಕೆ ದಪ್ಪ? ದಪ್ಪ ಬಿಲ್ಲೆಯಲ್ಲಿ ಒತ್ತಿ ನೋಡಿದ್ದು

ಶ್ಯಾವಿಗೆ ಒರಳಿನ ತಳಕ್ಕೆ ಹಾಕುವ ತೂತಿನ ಬಿಲ್ಲೆ, ಈ ಸಲ ದಪ್ಪದ್ದು, ಕೊನೆಗೂ ಕೈಗೆ ಬಂತು. ಹಾಸನದ ಬಿ.ಎಂ. ರಸ್ತೆ ಹತ್ತಿರದ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆಯಲ್ಲಿ ಮಾಡಿಸಿದ್ದು. 20 ಮಿ.ಮೀ. ದಪ್ಪ, ಅದರಲ್ಲಿ 2 ಮಿ.ಮೀ. ಅಗಲದ ಏಳು ತೂತು. ಮೊದಲೇ ಇದ್ದ ತೆಳು ಬಿಲ್ಲೆಯಲ್ಲೂ ಇಷ್ಟೇ ಅಗಲದ ಏಳು ತೂತು, ಆದರೆ ಅದರ ದಪ್ಪ ಬರೀ 3 ಮಿ.ಮೀ. ಇಷ್ಟು ಸಣ್ಣ ತೂತು ಇಷ್ಟು ಆಳಕ್ಕೆ ಹೋದರೆ ಡ್ರಿಲ್ ಬಿಟ್ ಮುರಿಯುತ್ತೆ ಅಂತ ಲೇತ್‌ನವರು ಮೊದಲು ಹಿಂದೆಮುಂದೆ ನೋಡಿದರು. ಆಮೇಲೆ ಚೂರು ಕೊರೆಯೋದು, ಬಿಟ್ ಹೊರಗೆ ತೆಗೆಯೋದು, ಪುಡಿ ಊದಿ ಎಣ್ಣೆ ಬಿಡೋದು, ಮತ್ತೆ ಕೊರೆಯೋದು. ಹಾಗೆ ತಾಳ್ಮೆಯಿಂದ ಮಾಡಿಕೊಟ್ಟರು. ತೂತುಗಳ ಒಳಗೋಡೆ ಕನ್ನಡಿಯಷ್ಟು ನುಣುಪಾಗಿದೆ.

ಹೊಸದಾಗಿ ಓದುತ್ತಿರುವವರಿಗೆ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಕಾಯಿಹಾಲಿನ ಜೊತೆ ತಿನ್ನುವ ಒತ್ತು ಶ್ಯಾವಿಗೆಯ ಎಳೆ, ಅದು ಹೊರಬಂದ ತೂತಿಗಿಂತ ದಪ್ಪ ಇರುತ್ತೆ. ಬೇಯಿಸಿದ ಅಕ್ಕಿ ಹಿಟ್ಟು ನೀರಿನ ಹಾಗೆ ಹರಿಯುತ್ತೆ, ರಬ್ಬರಿನ ಹಾಗೆ ಸ್ವಲ್ಪ ವಾಪಸ್ಸೂ ಬರುತ್ತೆ. ಒರಳಿನ ಅಗಲ ಕೊಳವೆಯಿಂದ ಸಣ್ಣ ತೂತಿಗೆ ನುಗ್ಗುವಾಗ ಹಿಟ್ಟು ಉದ್ದಕ್ಕೆ ಎಳೆದುಕೊಳ್ಳುತ್ತೆ. ಹೊರಗೆ ಬಂದ ಕೂಡಲೇ ಹಿಡಿದಿಡುವ ಗೋಡೆ ಇಲ್ಲ. ಎಳೆದದ್ದು ಉದ್ದದಲ್ಲಿ ಕುಗ್ಗಿ ಅಡ್ಡಕ್ಕೆ ಉಬ್ಬುತ್ತೆ. 1893ರಲ್ಲಿ ಕಾರ್ಲ್ ಬಾರಸ್ ಎಂಬ ಅಮೆರಿಕದ ವಿಜ್ಞಾನಿ ಹಡಗಿಗೆ ಹಚ್ಚುವ ಅಂಟಿನಲ್ಲಿ ಇದೇ ಉಬ್ಬನ್ನು ಗಮನಿಸಿದ್ದರು. ಪ್ಲಾಸ್ಟಿಕ್ ಪೈಪ್ ಮಾಡುವವರು ಇವತ್ತಿಗೂ ಇದನ್ನು ಲೆಕ್ಕ ಹಾಕಿಯೇ ಅಚ್ಚು ಮಾಡಿಸಬೇಕು.

ಉಬ್ಬಿದ್ದೆಲ್ಲ ರಬ್ಬರ್ ಗುಣದಿಂದಲೇ ಅನ್ನುವ ಹಾಗಿಲ್ಲ. ವಾಪಸ್ ಬರುವ ಗುಣ ಒಂದಿಷ್ಟೂ ಇಲ್ಲದ ಗಟ್ಟಿ ದ್ರವ ಕೂಡ ನಿಧಾನಕ್ಕೆ ತೂತಿನಿಂದ ಹೊರಬಂದಾಗ ಸುಮಾರು ಶೇ. 13ರಷ್ಟು ಉಬ್ಬುತ್ತೆ. ತೂತಿನ ಒಳಗೆ ನಡುವಿನದು ಜೋರಾಗಿ, ಗೋಡೆ ಪಕ್ಕದ್ದು ನಿಂತ ಹಾಗೆ ಇರುತ್ತೆ. ಹೊರಗೆ ಬಂದ ಮೇಲೆ ಎಲ್ಲವೂ ಒಂದೇ ವೇಗಕ್ಕೆ ಬರಬೇಕಲ್ವಾ? ಆ ಹೊಂದಾಣಿಕೆಯ ಉಬ್ಬು ಅದು. ಹಾಗಾಗಿ ನನ್ನ ಲೆಕ್ಕದಲ್ಲಿ, 2 ಮಿ.ಮೀ. ತೂತಿನ ಎಳೆ 2.26 ಮಿ.ಮೀ. ದಪ್ಪ ಆಗುವ ತನಕ ಏನೂ ಸಾಬೀತಾಗೋದಿಲ್ಲ. ಅದಕ್ಕಿಂತ ಮೇಲೆ ಹೋದರೆ ಮಾತ್ರ ಹಿಟ್ಟಿನ ನೆನಪು, ಅಂದರೆ ಎಳೆದ ಮೇಲೆ ಮೊದಲಿನ ಆಕಾರಕ್ಕೆ ವಾಪಸ್ ಬರುವ ಗುಣ, ಕೆಲಸ ಮಾಡ್ತಿದೆ ಅಂತ ಅರ್ಥ.

ಅಳೆಯೋದೇ ಕಷ್ಟದ ಕೆಲಸ. ವರ್ನಿಯರ್ ಮುಟ್ಟಿಸಿದರೆ ಎಳೆ ಅಪ್ಪಚ್ಚಿಯಾಗುತ್ತೆ. ಅದಕ್ಕೆ ಬಿಲ್ಲೆಯ ಕೆಳಗೆ, ಎಳೆಯ ಪಕ್ಕದಲ್ಲೇ 2 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಕಾಣುವ ಹಾಗೆ ನಿಲ್ಲಿಸಿ, ಮೊಬೈಲ್ ಸ್ಟ್ಯಾಂಡಿನಿಂದ ವಿಡಿಯೋ ತೆಗೆಯುತ್ತೇನೆ. ಆಮೇಲೆ ಎರಡನ್ನೂ ಹೋಲಿಸಿ ಅಳೆಯೋದು. ತೂತಿನಿಂದ ಒಂದು ಸೆಂಟಿಮೀಟರ್ ಒಳಗೇ ಅಳೆಯಬೇಕು. ಇನ್ನೂ ಕೆಳಗೆ ಹೋದರೆ ಎಳೆ ತನ್ನ ಭಾರಕ್ಕೇ ಜಗ್ಗಿ ಸಣ್ಣಗಾಗುತ್ತೆ.

ಹಿಟ್ಟಿನ ಕೆಲಸ ಪೂರ್ತಿ ಅಮ್ಮನದು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ ತಿರುವಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ ಒಂದೊಂದೇ ಕೊಡುತ್ತಾರೆ. "ಆರೋಕ್ಕೆ ಬಿಡ್ಬೇಡ ಕಣೋ, ಬಿಸಿಬಿಸೀಲೇ ಒತ್ತು" ಅನ್ನೋದು ಅವರ ಒಂದೇ ಷರತ್ತು. ಅದು ಸರಿಯಾದ ಷರತ್ತೇ. ಬೆಂದ ಪಿಷ್ಟ ಆರುತ್ತಾ ಹೋದ ಹಾಗೆ ಅದರೊಳಗಿನ ಉದ್ದ ಅಣು ಸರಪಳಿಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಬಿಗಿಯಾಗುತ್ತವೆ. ಕೊಳವೆಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಉಂಡೆ 75 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುವಾಗಲೇ ಒತ್ತಿದ್ದೇನೆ.

ಇನ್ನು ಫಲಿತಾಂಶ. ಒರಳಿನ ಕೊಳವೆ 50 ಮಿ.ಮೀ. ಅಗಲ. ತಿರುಪು ಒಂದು ಸುತ್ತಿಗೆ 3 ಮಿ.ಮೀ. ಇಳಿಯುತ್ತೆ. 10 ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೆ ಎಳೆ ತೂತಿನೊಳಗೆ ಸೆಕೆಂಡಿಗೆ ಸುಮಾರು 27 ಮಿ.ಮೀ. ಹರಿಯುತ್ತೆ. ಈ ವೇಗದಲ್ಲಿ ತೆಳು ಬಿಲ್ಲೆಯಿಂದ ಬಂದ ಎಳೆ ಹತ್ತಿರ ಹತ್ತಿರ 2.5 ಮಿ.ಮೀ. ಇತ್ತು. ದಪ್ಪ ಬಿಲ್ಲೆಯಿಂದ ಬಂದದ್ದು ಸುಮಾರು 2.35. ಅದೇ ಹಿಟ್ಟು, ಅದೇ ತೂತು, ಅದೇ ವೇಗ. ದಾರಿ ಉದ್ದವಾದದ್ದಷ್ಟೇ ವ್ಯತ್ಯಾಸ. ಮೊಬೈಲಿನಲ್ಲಿ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದಾಗ ತುಂಬಾ ಖುಷಿಯಾಯಿತು.

ಲೆಕ್ಕ ಹೀಗೆ. ತೆಳು ಬಿಲ್ಲೆಯ ತೂತು ದಾಟೋಕೆ ಹಿಟ್ಟಿಗೆ ಬೇಕಾದದ್ದು 0.11 ಸೆಕೆಂಡು. ದಪ್ಪದ್ದಕ್ಕೆ 0.74 ಸೆಕೆಂಡು. ಅಂದರೆ ತೂತಿನೊಳಗೆ ನುಗ್ಗುವ ಬಾಯಲ್ಲಿ ಎಳೆಸಿಕೊಂಡದ್ದನ್ನು ಹಿಟ್ಟು ಮುಕ್ಕಾಲು ಸೆಕೆಂಡಿನೊಳಗೆ ಸುಮಾರಾಗಿ ಮರೆಯುತ್ತೆ, ಆದರೆ 0.11 ಸೆಕೆಂಡು ಅದಕ್ಕೆ ಸಾಲೋದಿಲ್ಲ. ಹೀಗೆ ಒಂದು ವಸ್ತು ಮರೆಯೋಕೆ ತೆಗೆದುಕೊಳ್ಳುವ ಹೊತ್ತನ್ನು, ನಾವು ಅದಕ್ಕೆ ಕೊಡುವ ಹೊತ್ತಿನಿಂದ ಭಾಗಿಸಿದರೆ ಬರುವುದೇ ಡೆಬೊರಾ ಸಂಖ್ಯೆ. 1964ರಲ್ಲಿ ಮಾರ್ಕಸ್ ರೈನರ್ ಎಂಬ ವಿಜ್ಞಾನಿ ಅದಕ್ಕೆ ಆ ಹೆಸರಿಟ್ಟರು. ಹಿಟ್ಟಿಗೆ ಮರೆಯುವ ಹೊತ್ತು ಒಂದೇ ಇರೋದಿಲ್ಲ, ಬೇಗ ಮರೆಯುವ ಭಾಗವೂ ಇರುತ್ತೆ, ತಡವಾಗಿ ಮರೆಯುವ ಭಾಗವೂ ಇರುತ್ತೆ. ಆದರೂ ಯಾವ ಆಸುಪಾಸು ಅಂತ ಅಡುಗೆಮನೆಯಲ್ಲೇ ಸಿಕ್ಕಿತು.

ಒಂದು ಸುತ್ತಿಗೆ ಎರಡೂವರೆ ಸೆಕೆಂಡಿನ ಹಾಗೆ ಜೋರಾಗಿ ತಿರುಗಿಸಿದಾಗ ದಪ್ಪ ಬಿಲ್ಲೆಯಲ್ಲೂ ಎಳೆ ಮತ್ತೆ ಉಬ್ಬಿತು. ಮರೆಯೋಕೆ ಈಗ ಇದ್ದದ್ದು 0.19 ಸೆಕೆಂಡು ಮಾತ್ರ. ತೆಳು ಬಿಲ್ಲೆಯಲ್ಲಿ ಅದೇ ವೇಗಕ್ಕೆ ಎಳೆಯ ಮೈಯೆಲ್ಲ ತರಿತರಿಯಾಯಿತು, ಅಳತೆ ತೆಗೆಯೋಕೇ ಆಗಲಿಲ್ಲ. ನಿಧಾನಕ್ಕೆ ಒತ್ತಿದಾಗಲೂ ದಪ್ಪ ಬಿಲ್ಲೆಯ ಎಳೆ 2.26ಕ್ಕೆ ಇಳಿಯದೆ ಇರೋದಕ್ಕೆ ಕಾರಣ ಬಹುಶಃ ಗೋಡೆ. ಬಾಯಿಯ ಎಳೆತ ಮರೆತರೂ, ಗೋಡೆಗೆ ಉಜ್ಜಿಕೊಂಡು ಹೋಗುವಾಗ ಹಿಟ್ಟು ದಾರಿಯುದ್ದಕ್ಕೂ ಹೊಸದಾಗಿ ಎಳೆದುಕೊಳ್ಳುತ್ತಲೇ ಇರುತ್ತೆ.

ಮುಂದಿನದು ಒತ್ತಡ. ದಪ್ಪ ಬಿಲ್ಲೆ ಹಾಕಿದಾಗ ಹಿಡಿ ತಿರುಗಿಸೋಕೆ ಭುಜ ನೋಯುವಷ್ಟು ಬಲ ಬೇಕಾಯಿತು. ಹಿಡಿಯ ತುದಿಗೆ ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ಆ ಬಲವನ್ನು ಅಳೆಯಬೇಕು. ಒಂದೇ ವೇಗದಲ್ಲಿ ಬೇರೆ ಬೇರೆ ದಪ್ಪದ ಬಿಲ್ಲೆಗೆ ಬೇಕಾದ ಒತ್ತಡವನ್ನು ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿ, ಗೆರೆಯನ್ನು ಸೊನ್ನೆ ದಪ್ಪದ ತನಕ ಎಳೆದರೆ, ತೂತಿನ ಬಾಯಲ್ಲೇ ಎಷ್ಟು ಒತ್ತಡ ಖರ್ಚಾಯಿತು ಅಂತ ಸಿಗುತ್ತೆ. ಇದು 1957ರಲ್ಲಿ ಬ್ಯಾಗ್ಲಿ ಎಂಬ ವಿಜ್ಞಾನಿ ತೋರಿಸಿಕೊಟ್ಟ ದಾರಿ. ಎರಡು ಚುಕ್ಕೆ ಇಟ್ಟು ಗೆರೆ ಎಳೆದರೆ ನನಗೆ ನಂಬಿಕೆ ಬರೋದಿಲ್ಲ, ಮೂರನೆಯದು ಬೇಕು. 10 ಮಿ.ಮೀ. ಬಿಲ್ಲೆಗೆ ಹಿತ್ತಾಳೆ ತುಂಡನ್ನು ಲೇತ್‌ನವರ ಹತ್ತಿರ ಕೊಟ್ಟು ಬಂದಿದ್ದೇನೆ. ಅದು ಬಂದ ಮೇಲೆ ಅಕ್ಕಿ ಶ್ಯಾವಿಗೆಯ ಜೊತೆ ರಾಗಿ ಶ್ಯಾವಿಗೆಯನ್ನೂ ಒತ್ತಿ ನೋಡುತ್ತೇನೆ.