ಇಬ್ಬರೇ ಹೊರಟ ಶ್ರೀಲಂಕಾ: ಕೋಲಾರದ ಜೋಡಿಗಳಿಗೆ ಒಂದಿಷ್ಟು ಮಾತು

ಮದುವೆಯಾದ ಮೇಲೆ ನಾವು ಊರು ಬಿಟ್ಟು ಹೋದದ್ದೆಲ್ಲ ಮನೆಮಂದಿಯ ಜೊತೆಗೇ: ತಿರುಪತಿ, ಧರ್ಮಸ್ಥಳ, ಶಿವರಾತ್ರಿಗೆ ಆವಣಿ. ಇಬ್ಬರೇ ಹೋಗುವ ಮೊದಲ ಪ್ರವಾಸಕ್ಕೆ ಶ್ರೀಲಂಕಾವನ್ನು ಆರಿಸಿಕೊಂಡೆವು. ನಮ್ಮ ಕಡೆಯ ಜೋಡಿಗಳು ಯಾರೇ ಕೇಳಿದರೂ ಈಗ ಅದನ್ನೇ ಹೇಳುತ್ತೇನೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸುವ ಗೋಜೂ ಇಲ್ಲ, ಅಲ್ಲಿಯ ಸಮಯ ನಮ್ಮದೇ. ಕೋಲಾರದಿಂದ ಹೊರಡುವವರು ಹೊಸಕೋಟೆಯಲ್ಲಿ ದೇವನಹಳ್ಳಿ ರಸ್ತೆ ಹಿಡಿದರೆ ಬೆಂಗಳೂರಿನ ದಟ್ಟಣೆಗೆ ಸಿಕ್ಕದೆ ವಿಮಾನ ನಿಲ್ದಾಣ ಸೇರಬಹುದು.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ, ಕಡಲತೀರ ಆಮೇಲೆ. ಈ ಪುಟ್ಟ ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಮತ್ತು ಪಶ್ಚಿಮದ ಕರಾವಳಿ ನೆನೆಯುತ್ತದೆ. ಆಗ ಪೂರ್ವದ ಟ್ರಿಂಕೋಮಲಿ ಕಡೆ ಹೋಗುವುದು ಸರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣದ ಗಾಲೆ, ಉನವಟುನ, ಮಿರಿಸ್ಸ ಚೆನ್ನ. ನಮ್ಮ ಯಜಮಾನರದು ಟೊಮೆಟೊ ಮಂಡಿಯ ವ್ಯವಹಾರ, ಬೇಸಿಗೆ ಬಂತೆಂದರೆ ಅಲ್ಲಾಡುವಂತಿಲ್ಲ. ಹಾಗಾಗಿ ಸಂಕ್ರಾಂತಿ ಮುಗಿಸಿ ಹೊರಟೆವು, ದಕ್ಷಿಣಕ್ಕೇ ಹೋದೆವು.

ಪ್ರವೇಶದ ಅನುಮತಿಯನ್ನು ಆನ್‌ಲೈನ್‌ನಲ್ಲೇ ಪಡೆದುಕೊಳ್ಳಿ. ಶುಲ್ಕ ಮತ್ತು ನಿಯಮ ಆಗಾಗ ಬದಲಾಗುತ್ತವೆ, ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ನೋಡಿ. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ. 2024ರ ಫೆಬ್ರುವರಿಯಿಂದ ನಮ್ಮ ಯುಪಿಐ ಅಲ್ಲಿಯೂ ನಡೆಯುತ್ತದೆ, ಆದರೆ ದೊಡ್ಡ ಅಂಗಡಿಗಳನ್ನು ಬಿಟ್ಟರೆ ನಗದೇ ಗತಿ. ಅಲ್ಲಿಯ ಪ್ಲಗ್ ಬೇರೆ, ಚೌಕ ಪಿನ್ನಿನದು, ಅಡಾಪ್ಟರ್ ಮರೆಯಬೇಡಿ. ಡೆಂಗಿ ಇರುವ ದೇಶ, ಸೊಳ್ಳೆಗೆ ಹಚ್ಚುವ ಮುಲಾಮು ಕೈಚೀಲದಲ್ಲೇ ಇರಲಿ.

ಇಬ್ಬರೇ ಹೋಗುವ ಮೊದಲ ಪ್ರವಾಸಕ್ಕೆ ಊರು ಕಡಿಮೆಯಿರಲಿ, ಸಮಯ ಹೆಚ್ಚಿರಲಿ. ನಾವು ಕ್ಯಾಂಡಿ, ‘ಎಲ್ಲ’ ಎಂಬ ಗುಡ್ಡದ ಊರು ಮತ್ತು ಗಾಲೆಯನ್ನಷ್ಟೇ ಇಟ್ಟುಕೊಂಡೆವು. ಸಿಗಿರಿಯ ನೋಡಬೇಕೆಂದು ನಮ್ಮವರಿಗೆ ಬಹಳ ಆಸೆಯಿತ್ತು. ಐದನೇ ಶತಮಾನದ ಆ ಬಂಡೆಯ ಅರಮನೆಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಇರುವುದು ಉತ್ತರದ ದಿಕ್ಕಿಗೆ. ಅದಕ್ಕೆಂದೇ ಇನ್ನೊಮ್ಮೆ ಹೋಗುವುದೆಂದು ಒಪ್ಪಿಕೊಂಡೆವು. ಕಾರಿನಲ್ಲಿ ಕುಳಿತೇ ದಿನ ಕಳೆದರೆ ಮನೆಯಲ್ಲಿ ಬಾಕಿ ಉಳಿದಿದ್ದ ಮಾತುಗಳು ಅಲ್ಲೂ ಬಾಕಿಯೇ. ಖರ್ಚಿನ ಮಾತನ್ನು ಮಾತ್ರ ಹೊರಡುವ ಮುಂಚೆಯೇ ಮುಗಿಸಿ. ಒಬ್ಬೊಬ್ಬರಿಗೂ ಇಷ್ಟು ಎಂದು ಕೈಖರ್ಚು ಎತ್ತಿಟ್ಟು, ಅದನ್ನು ಯಾಕೆ ಖರ್ಚು ಮಾಡಿದೆ ಎಂದು ಇನ್ನೊಬ್ಬರು ಕೇಳುವಂತಿಲ್ಲ ಎಂದುಕೊಂಡೆವು. ಎಷ್ಟೋ ಮುನಿಸು ಅಲ್ಲೇ ತಪ್ಪಿತು.

ಕ್ಯಾಂಡಿಯ ದಳದಾ ಮಾಲಿಗಾವ ದೇವಾಲಯದಲ್ಲಿ ಬುದ್ಧನದೆಂದು ನಂಬುವ ದಂತಧಾತು, ಅಂದರೆ ಹಲ್ಲು, ಇದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ದಂತವನ್ನೇ ತೋರಿಸುವುದಿಲ್ಲ, ಪೂಜೆಯ ಹೊತ್ತಿಗೆ ಹೋದರೆ ಅದನ್ನಿಟ್ಟ ಚಿನ್ನದ ಕರಂಡಕದ ದರ್ಶನವಾಗುತ್ತದೆ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ, ಅಲ್ಲಿನವರು ನೊಂದುಕೊಳ್ಳುತ್ತಾರೆ. ಕೊಲಂಬೊದಿಂದ ಬರುವ ದಾರಿಯಲ್ಲಿ ಚಾಲಕರು ಮಸಾಲೆ ತೋಟವೊಂದಕ್ಕೆ ಕರೆದೊಯ್ಯುತ್ತಾರೆ. ನೋಡುವುದಕ್ಕೆ ಚೆನ್ನಾಗಿದೆ, ಅಲ್ಲಿಯ ಎಣ್ಣೆ, ಲೇಹ್ಯಗಳ ಬೆಲೆ ಮಾತ್ರ ವಿಪರೀತ. ಚಕ್ಕೆಯನ್ನು ಊರಿನ ಸಾಮಾನ್ಯ ಅಂಗಡಿಯಲ್ಲೇ ಕೊಳ್ಳಿ. ಹಾಳೆಯಷ್ಟು ತೆಳುವಾದ ಪದರಗಳು ಒಂದರೊಳಗೊಂದು ಸುತ್ತಿಕೊಂಡಿದ್ದರೆ ಅದೇ ಸಿಂಹಳದ ಅಸಲಿ ಚಕ್ಕೆ.

ಕ್ಯಾಂಡಿಯಿಂದ ‘ಎಲ್ಲ’ಕ್ಕೆ ಹೋಗುವ ರೈಲಿಗಾಗಿಯೇ ಈ ದೇಶಕ್ಕೆ ಹೋಗಬಹುದು. ಆರೇಳು ಗಂಟೆಯ ದಾರಿ. ಮುಂಗಡ ಟಿಕೆಟ್ ಒಂದು ತಿಂಗಳು ಮೊದಲು ತೆರೆಯುತ್ತದೆ, ತೆರೆದ ದಿನವೇ ಮುಗಿದುಹೋಗುವುದುಂಟು. ಹವಾನಿಯಂತ್ರಿತ ಮೊದಲ ದರ್ಜೆ ಬೇಡ, ಅಲ್ಲಿ ಕಿಟಕಿ ತೆರೆಯುವುದಿಲ್ಲ. ಎರಡನೆಯ ಅಥವಾ ಮೂರನೆಯ ದರ್ಜೆಯ ಕಾದಿರಿಸಿದ ಆಸನ ಮೇಲು. ಬಾಗಿಲಲ್ಲಿ ಜೋತು ಫೋಟೊ ತೆಗೆಸಿಕೊಳ್ಳುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತಿತ್ತು, ಸುರಂಗದ ಗೋಡೆ ಅಷ್ಟು ಹತ್ತಿರ. ಜೋರು ಮಳೆಗೆ ಗುಡ್ಡ ಜರಿದರೆ ಹಳಿ ಮುಚ್ಚುತ್ತದೆ, ಆದ್ದರಿಂದ ಓಡುತ್ತಿದೆಯೇ ಎಂದು ವಿಚಾರಿಸಿಯೇ ಯೋಜನೆ ಮಾಡಿ.

ದಾರಿಯ ಹ್ಯಾಟನ್ ನಿಲ್ದಾಣದಲ್ಲಿ ವಯಸ್ಸಾದ ಹೆಂಗಸೊಬ್ಬರು ಹತ್ತಿ ನಮ್ಮೆದುರು ಕುಳಿತರು. ಚಹಾ ತೋಟದ ಕೆಲಸದವರು, ಬೆರಳ ತುದಿಗಳು ಎಲೆಯ ಕರೆ ಕೂತು ಕಪ್ಪಾಗಿದ್ದವು. ನನ್ನ ತವರು ಕೆಜಿಎಫ್, ತಮಿಳು ಬೀದಿಯಲ್ಲೇ ಕಲಿತದ್ದು. ಅವರದೂ ತಮಿಳೇ, ಮಾತಿಗಿಳಿದೆವು. 1867ರಲ್ಲಿ ಕ್ಯಾಂಡಿಯ ಬಳಿ ಶುರುವಾದ ಚಹಾ ಬೇಸಾಯ ಬೆಟ್ಟಗಳಿಗೆಲ್ಲ ಹಬ್ಬಿದಾಗ ಬ್ರಿಟಿಷರು ತಮಿಳುನಾಡಿನ ಬಡವರನ್ನು ಅಲ್ಲಿಗೆ ಕರೆದೊಯ್ದರು. 1880ರಲ್ಲಿ ಬ್ರಿಟಿಷ್ ಕಂಪನಿ ನಮ್ಮ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಆರ್ಕಾಟ್ ಕಡೆಯಿಂದ ಬಂದವರ ಕಥೆಯೂ ಇದೇ. ಆ ಹೆಂಗಸಿನ ಕಾಲೊನಿಯ ಸಾಲುಮನೆಗಳ ವರ್ಣನೆ ಕೇಳುತ್ತಿದ್ದರೆ ನಮ್ಮ ಗಣಿಯ ಲೈನ್ ಮನೆಗಳೇ ಕಣ್ಣೆದುರು ಬಂದವು. ಇಳಿಯುವಾಗ ನಮ್ಮವರ ಕೈ ಹಿಡಿದು, “ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳಿ ತಂಬಿ” ಎಂದರು. ಬೆಟ್ಟದ ಮೇಲಿನ ಊರುಗಳಲ್ಲಿ ತಮಿಳು ಬಂದರೆ ಪ್ರವಾಸದ ರುಚಿಯೇ ಬೇರೆ.

ಸಸ್ಯಾಹಾರಿಗಳು ಎರಡು ಕಡೆ ಎಚ್ಚರದಿಂದಿರಬೇಕು. ರೈಲಿನಲ್ಲಿ ಮಾರುವ ‘ಇಸ್ಸೊ ವಡೆ’ಯ ಮೇಲೆ ಸಿಗಡಿ ಕೂತಿರುತ್ತದೆ, ‘ಪರಿಪ್ಪು ವಡೆ’ ನಮ್ಮ ಬೇಳೆ ವಡೆಯೇ. ತೆಂಗಿನಕಾಯಿಯ ಕೆಂಪು ಸಂಬೋಲ ಎಂಬ ಚಟ್ನಿ ಮತ್ತು ಎಷ್ಟೋ ಪಲ್ಯಗಳಿಗೆ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುತ್ತಾರೆ. ಮೊದಲೇ ಕೇಳಿದರೆ ಹಾಕದೆ ಮಾಡಿಕೊಡುತ್ತಾರೆ. ಬೆಳಗಿನ ಇಂಡಿಯಾಪ್ಪ ನಮ್ಮ ಒತ್ತು ಶಾವಿಗೆಯೇ. ಬೇಳೆ ಸಾರಿನೊಂದಿಗೆ ತಿಂದರೆ ಹೊಟ್ಟೆ ಹಗುರ. ಹುಣ್ಣಿಮೆಯ ದಿನ ‘ಪೋಯ’ ರಜೆ, ಮದ್ಯ, ಮಾಂಸ ಮಾರುವುದಿಲ್ಲ, ರೈಲು ಬಸ್ಸುಗಳು ತುಂಬಿರುತ್ತವೆ.

‘ಎಲ್ಲ’ದಲ್ಲಿ ಹಣದ ಮುಖ ನೋಡದೆ ಕಣಿವೆಗೆ ತೆರೆದ ಜಗಲಿಯಿರುವ ಕೋಣೆ ಹಿಡಿಯಿರಿ, ಬೇಕಿದ್ದರೆ ಬೇರೆ ಕಡೆ ಉಳಿಸಿ. ಸಂಜೆ ಚಳಿಯಾಗುತ್ತದೆ, ಸ್ವೆಟರ್ ಬೇಕು. ಒಂಬತ್ತು ಕಮಾನಿನ ಸೇತುವೆಗೆ ಬೆಳಗ್ಗೆಯೇ ಹೋಗಿ, ರೈಲಿನ ಸಮಯ ಕೇಳಿಕೊಂಡು. ಉಳಿದ ಹೊತ್ತು ಏನೂ ಮಾಡಬೇಡಿ. ನಾವು ಅತ್ತೆಗೆ ಫೋನ್ ಮಾಡುವುದನ್ನು ಬಿಟ್ಟರೆ ಯಾವ ಕೆಲಸವನ್ನೂ ಇಟ್ಟುಕೊಂಡಿರಲಿಲ್ಲ.

ಗಾಲೆಗೆ ಇಳಿದರೆ ಸೆಕೆ. ನಮ್ಮ ಕೋಲಾರದ ಒಣ ಬಿಸಿಲಿಗೆ ಒಗ್ಗಿದ ಮೈಗೆ ಆ ಜಿಗುಟು ತಡೆಯದು; ಹತ್ತಿ ಬಟ್ಟೆ, ಆಗಾಗ ಕಿತ್ತಳೆ ಬಣ್ಣದ ತಂಬಿಲಿ ಎಳನೀರು. ಪೋರ್ಚುಗೀಸರು ಶುರುಮಾಡಿ ಡಚ್ಚರು ಬಲಪಡಿಸಿದ ಕೋಟೆಯ ಗೋಡೆಯ ಮೇಲೆ ಸಂಜೆ ನಡೆಯಲು ಟಿಕೆಟ್ ಇಲ್ಲ. ಕಡಲಿಗಿಳಿಯುವಾಗ ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲಿನ ನೀರಿಗೂ ಹೋಗಬೇಡಿ. ಬಯಲುಸೀಮೆಯ ನಮಗೆ ಅಲೆಯ ಸೆಳೆತ ತಿಳಿಯುವುದಿಲ್ಲ.

ವಾಪಸಾಗುವ ವಿಮಾನ ಬೆಳಗಿನ ಜಾವದ್ದಾದರೆ ಕೊನೆಯ ರಾತ್ರಿ ಕೊಲಂಬೊದಲ್ಲಿ ಉಳಿಯಬೇಡಿ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ, ಕಡಲತೀರದ ಊರಾದ ನೆಗೊಂಬೊದಲ್ಲಿ ಉಳಿದರೆ ಆಟೊದಲ್ಲೇ ಹೋಗುವಷ್ಟು ಹತ್ತಿರ.