ಬಂದು ನೋಡಿ, ನಿಮಗೇ ಗೊತ್ತಾಗುತ್ತೆ

ಆಫೀಸಿಗೆ ಬರುವುದು ವಾರಕ್ಕೆ ಮೂರು ದಿನ ಇದ್ದದ್ದು ಇನ್ನು ಐದು ದಿನ. ಗಾಳಿಸುದ್ದಿ ಮೊದಲೇ ಹಬ್ಬಿತ್ತು. ಹಾಗಾಗಿ ಈ ವಾರದ ಟೌನ್‌ಹಾಲ್‌ನಲ್ಲಿ, ಅಂದರೆ ಕಂಪನಿಯವರೆಲ್ಲ ಸೇರುವ ಸಭೆಯಲ್ಲಿ, ಅದನ್ನು ಘೋಷಿಸಿದಾಗ ಯಾರಿಗೂ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ನನ್ನ ಪಕ್ಕದ ಸೀಟಿನ ಗೆಳತಿ ಎದ್ದು ನಿಂತಳು.

"ಸರ್, ನನ್ನ ಟೀಮಿನವರು ಒಬ್ಬರೂ ಈ ಆಫೀಸಲ್ಲಿಲ್ಲ. ನಾನು ದಿನಾ ಬಂದು ಯಾರ ಜೊತೆ ಕೂತು ಕೆಲಸ ಮಾಡಲಿ?"

ವೇದಿಕೆ ಮೇಲಿದ್ದವರು ನಕ್ಕರು. ಕೆಟ್ಟ ನಗು ಅಲ್ಲ, ಸಮಾಧಾನ ಮಾಡುವ ನಗು. "ಬಂದು ನೋಡಿ, ನಿಮಗೇ ಗೊತ್ತಾಗುತ್ತೆ" ಅಂದರು. ಅಷ್ಟು ಹೇಳಿ ಮುಂದಿನ ಪ್ರಶ್ನೆಗೆ ಹೋದರು. ಅವಳು ಮೈಕ್ ಹಿಡಿದುಕೊಂಡು ಇನ್ನೂ ನಿಂತೇ ಇದ್ದಳು.

ಅವತ್ತಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಬಂದು ನೋಡಿ ಅಂದರೆ ಏನರ್ಥ? ಅವಳು ಬರುತ್ತಲೇ ಇದ್ದಾಳಲ್ಲ. ನಾವೆಲ್ಲ ಬರುತ್ತಿದ್ದೇವೆ, ನೋಡುತ್ತಲೂ ಇದ್ದೇವೆ. ಏನು ನೋಡಿದಿರಿ ಅಂತ ಮಾತ್ರ ಯಾರೂ ಕೇಳಿಲ್ಲ.

ಕೇಳಿದ್ದರೆ ಅವಳು ಹೇಳುತ್ತಿದ್ದಳು. ಬೆಳಿಗ್ಗೆ ಕಾರ್ಡ್ ಸ್ವೈಪ್ ಮಾಡಿ ಒಳಗೆ ಬಂದರೆ ಮೊದಲ ಕೆಲಸ ಸೀಟು ಹುಡುಕುವುದು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಬೇರೆ ಊರಿನವರ ಜೊತೆ ವಿಡಿಯೋ ಕಾಲ್. ಪಕ್ಕದಲ್ಲಿ ನಾನು ಇನ್ನೊಂದು ಕಾಲ್‌ನಲ್ಲಿ ಇರುತ್ತೇನೆ. ನನ್ನ ಮಾತು ಅವಳ ಮೈಕ್‌ಗೆ ಹೋಗುತ್ತದೆ, ಅವಳ ಮಾತು ನನ್ನ ಮೈಕ್‌ಗೆ ಬರುತ್ತದೆ. ಮೀಟಿಂಗ್ ರೂಮುಗಳು ಸಂಜೆವರೆಗೂ ಬುಕ್ ಆಗಿರುತ್ತವೆ. ಟೌನ್‌ಹಾಲ್ ಆದ ಮರುದಿನ ಅವಳು ತುರ್ತು ಬಾಗಿಲಿನ ಆಚೆ, ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಲ್ಯಾಪ್‌ಟಾಪ್, ಚಾರ್ಜರ್ ವೈರು ಬಾಗಿಲಿನ ಸಂದಿಯಿಂದ ಒಳಗೆ ಹೋಗಿತ್ತು. ಯಾರಾದರೂ ಹತ್ತಿ ಇಳಿದಾಗಲೆಲ್ಲ ಮಾತು ನಿಲ್ಲಿಸಿ ಕಾಲು ಮಡಚಿಕೊಳ್ಳುತ್ತಿದ್ದಳು. ಎರಡು ಹೆಜ್ಜೆ ಆಚೆ ಇನ್ನೊಬ್ಬರು ಗೋಡೆ ಕಡೆ ತಿರುಗಿ ಕ್ಲೈಂಟ್ ಜೊತೆ ಮಾತಾಡುತ್ತಿದ್ದರು.

ತಿಂಗಳ ಕೊನೆಗೆ ಸ್ವೈಪ್ ಲೆಕ್ಕದ ಶೀಟು ಬರುತ್ತದೆ. ದಿನ ಕಡಿಮೆ ಬಿದ್ದವರ ಹೆಸರು ಕೆಂಪು ಬಣ್ಣದಲ್ಲಿ. ಕಳೆದ ಸಲ ಅದರಲ್ಲಿ ಅವಳ ಹೆಸರೂ ಇತ್ತು, ಯಾಕೆಂದರೆ ಅಮ್ಮನ ಆಪರೇಷನ್‌ಗೆ ತೆಗೆದುಕೊಂಡ ರಜೆಯನ್ನೂ ಗೈರು ಅಂತಲೇ ಹಿಡಿದಿದ್ದರು. ಮಂಜೂರಾದ ರಜೆ ಅದು! ಸರಿಮಾಡಿಸಲು ಮೂರು ಕಡೆ ಮೇಲ್ ಬರೆದಳು. ಅದೇ ತಿಂಗಳು ಅವಳ ಪ್ರಾಜೆಕ್ಟ್ ಹೇಳಿದ ದಿನಕ್ಕೆ ಮುಗಿದಿತ್ತು. ಅದಕ್ಕೆ ಆ ಶೀಟಿನಲ್ಲಿ ಒಂದು ಕಾಲಂ ಕೂಡ ಇಲ್ಲ.

ನಮ್ಮ ಮ್ಯಾನೇಜರ್ ಒಳ್ಳೆಯವರು. "ಸುಮ್ನೆ ಬಂದು ಹೋಗ್ತಿರಿ, ನನಗೂ ಮೇಲಿಂದ ಒತ್ತಡ ಇದೆ" ಅಂತಾರೆ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ತಾವೇ ನಂಬದ ನಿಯಮವನ್ನು ಇನ್ನೊಬ್ಬರ ಮೇಲೆ ಹೇರುವವರನ್ನು ನೋಡಿದರೆ ಬೇಜಾರಾಗುತ್ತದೆ.

ಆಫೀಸೇ ಬೇಡ ಅನ್ನುವವಳು ನಾನಲ್ಲ. ಹೊಸದಾಗಿ ಸೇರಿದವರು ಪಕ್ಕದಲ್ಲಿ ಕೂತು ಕಲಿಯುವಷ್ಟು ಸ್ಕ್ರೀನ್ ಶೇರ್‌ನಲ್ಲಿ ಕಲಿಯಲಾರರು. ನಾನು ಕೆಲಸ ಕಲಿತದ್ದೂ ಹಾಗೆಯೇ. ಆದರೆ ಕಲಿಸಬೇಕಾದವರು ಮೆಟ್ಟಿಲ ಮೇಲೆ ಕಾಲ್‌ನಲ್ಲಿ ಇದ್ದರೆ ಆ ಹುಡುಗರು ಯಾರ ಪಕ್ಕ ಕೂರಬೇಕು?

ನಿಜವಾಗಿ ಮಾಡಿ ನೋಡಿದವರು ಇದ್ದಾರೆ. ಚೀನಾದ ಟ್ರಿಪ್.ಕಾಮ್ ಕಂಪನಿಯಲ್ಲಿ 1,612 ಜನರ ಮೇಲೆ ಆರು ತಿಂಗಳು ಒಂದು ಪ್ರಯೋಗ ನಡೆಯಿತು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಜೊತೆಗಾರರು ಅದನ್ನು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ, ಉಳಿದವರಿಗೆ ಐದು ದಿನವೂ ಆಫೀಸು. ಮನೆಯಿಂದ ಕೆಲಸ ಮಾಡಿದವರಲ್ಲಿ ರಾಜೀನಾಮೆ ಮೂರನೇ ಒಂದು ಭಾಗ ಇಳಿಯಿತು. ಕೆಲಸದ ರೇಟಿಂಗ್, ಬಡ್ತಿ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅಲ್ಲಿನ ಮ್ಯಾನೇಜರ್‌ಗಳ ವಿಷಯ. ಶುರುವಿನಲ್ಲಿ ಅವರು ಇದರಿಂದ ಕೆಲಸ ಕುಂಠಿತವಾಗುತ್ತದೆ ಅಂದುಕೊಂಡಿದ್ದರು. ಪ್ರಯೋಗ ಮುಗಿದ ಮೇಲೆ ಅವರ ಅಭಿಪ್ರಾಯವೇ ಬದಲಾಯಿತು. ಕಂಪನಿ ಆ ಪದ್ಧತಿಯನ್ನು ಎಲ್ಲರಿಗೂ ಕೊಟ್ಟಿತು. ನೋಡುವುದು ಅಂದರೆ ಇದು, ಅಲ್ವಾ? ಮೇಲಿದ್ದವರೂ ನೋಡಬೇಕು, ಕಂಡದ್ದನ್ನು ಒಪ್ಪಿಕೊಳ್ಳಬೇಕು.

ದೊಡ್ಡ ಕಂಪನಿಗಳಲ್ಲಿ ಆಗುತ್ತಿರುವುದು ಬೇರೆ. ಅಮೆಜಾನ್ 2025ರ ಜನವರಿಯಿಂದ ಐದು ದಿನ ಅಂತ ಹೇಳಿತು. ಒಪ್ಪದವರಿಗೆ ಬೇರೆ ಕಂಪನಿಗಳಿವೆ ಎಂಬ ಅರ್ಥದ ಮಾತು ಅಲ್ಲಿನ ಕ್ಲೌಡ್ ವಿಭಾಗದ ಮುಖ್ಯಸ್ಥ ಮ್ಯಾಟ್ ಗಾರ್ಮನ್ ಅವರಿಂದಲೇ ಬಂತು. ಆಮೇಲೆ ಕೆಲವು ಊರುಗಳಲ್ಲಿ ಕೂರಲು ಜಾಗ ಸಾಲದೆ ತಾರೀಖು ಮುಂದೆ ಹಾಕಬೇಕಾಯಿತು. ವಿಡಿಯೋ ಕಾಲ್ ಮಾರುವ ಜೂಮ್ ಕೂಡ 2023ರಲ್ಲಿ ಆಫೀಸಿನ ಹತ್ತಿರ ಇರುವವರನ್ನು ವಾರಕ್ಕೆ ಎರಡು ದಿನ ಬರಲು ಹೇಳಿತು.

2020ರಲ್ಲಿ ಎಲ್ಲರೂ ರಾತ್ರೋರಾತ್ರಿ ಮನೆ ಸೇರಿದಾಗ ಸ್ವೈಪ್ ಇರಲಿಲ್ಲ, ಕೆಂಪು ಬಣ್ಣ ಇರಲಿಲ್ಲ. ಕೆಲಸ ನಡೆಯಿತು. ಇನ್ನು ಹೀಗೇ ನಡೆಯುತ್ತದೆ ಅಂತ ನಂಬಿ ಜನ ಮನೆ ಬದಲಾಯಿಸಿದರು, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು, ವಯಸ್ಸಾದ ಅಪ್ಪ ಅಮ್ಮನ ಹತ್ತಿರ ಹೋದರು. ಅವತ್ತು ನಮ್ಮನ್ನು ನಂಬಿದವರು ಇವತ್ತು ಯಾಕೆ ನಂಬುತ್ತಿಲ್ಲ? ಓಡಾಟದ ಸುಸ್ತು ರಾತ್ರಿ ಮಲಗಿದರೆ ಹೋಗುತ್ತದೆ. ಈ ಪ್ರಶ್ನೆ ಹೋಗುವುದಿಲ್ಲ.

ನಿನ್ನೆ ಅವಳು ಅದೇ ಪ್ರಶ್ನೆಯನ್ನು ಮೇಲ್ ಮಾಡಿದ್ದಾಳೆ. ಜೊತೆಗೆ ಇನ್ನೊಂದು ಸಾಲು ಸೇರಿಸಿದ್ದಾಳೆ: "ನಾವು ಬಂದು ನೋಡಿದ್ದನ್ನು ಹೇಳಲು ಅರ್ಧ ಗಂಟೆ ಕೊಡಿ." ಕೆಳಗೆ ನಾನೂ ಹೆಸರು ಹಾಕಿದ್ದೇನೆ. ನಮ್ಮ ಮ್ಯಾನೇಜರ್ ಕೂಡ ಹಾಕುತ್ತಾರಾ ಅಂತ ನಾಳೆ ಕೇಳಬೇಕು.