ಗಳಗನಾಥದ ದಂಡೆಯಲ್ಲಿ ಫ್ಲೈ ರಾಡು

ಹುಬ್ಬಳ್ಳಿಯಿಂದ ಹಾವೇರಿಗೆ ಹೆದ್ದಾರಿಯಲ್ಲಿ ಸುಮಾರು 75 ಕಿ.ಮೀ. ಅಲ್ಲಿಂದ ಗುತ್ತಲದ ಕಡೆ ತಿರುಗಿದರೆ ಗೋವಿನಜೋಳದ ಹೊಲಗಳ ನಡುವಿನ ದಾರಿ ಗಳಗನಾಥದತ್ತ ಒಯ್ಯುತ್ತದೆ. ವರದಾ ಬಂದು ತುಂಗಭದ್ರೆಯನ್ನು ಕೂಡುವುದು ಇಲ್ಲೇ. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯ ಬುಡ ಪಿರಮಿಡ್ಡಿನಂತೆ ಇಳಿಜಾರಾಗಿದೆ. ಅದನ್ನು ನೋಡಿಯೇ ಹೊಳೆಗೆ ಇಳಿಯಿರಿ. ಇಲ್ಲಿ ಕಲಿಯುವುದು ಫ್ಲೈ ಎಸೆದು ಮೀನು ಹಿಡಿಯುವುದನ್ನು; ಫ್ಲೈ ಎಂದರೆ ಗಾಳಕ್ಕೆ ಗರಿ, ದಾರ ಸುತ್ತಿ ಹುಳದಂತೆ ಮಾಡಿದ ಹಗುರ ಹುಸಿ ಎರೆ. ಸಂಗಮದಲ್ಲಿ ಜನ ಮೀಯುತ್ತಾರೆ. ಬೆನ್ನ ಹಿಂದೆ ಹಾರುವ ಗಾಳ ಯಾರ ಮುಖವನ್ನೂ ನೋಡುವುದಿಲ್ಲ, ಆದ್ದರಿಂದ ಅಲ್ಲಿಂದ ದೂರ ನಡೆದು, ಊರಿನ ಮೀನುಗಾರರನ್ನು ಕೇಳಿ ಜಾಗ ಹಿಡಿಯುವುದು ಒಳ್ಳೆಯದು. ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ಫ್ಲೈ ಕಾಣದು. ಡಿಸೆಂಬರ್ ನಂತರ ನೀರು ತಿಳಿಯಾದಾಗ ಬನ್ನಿ.

ಕಲಿಯುವವರಿಗೆ 9 ಅಡಿಯ, 6 ತೂಕದ ರಾಡು (ಈ ತೂಕ ಕಿಲೋ ಅಲ್ಲ, ಲೈನಿನ ಭಾರ ಹೇಳುವ ನಂಬರು), ಅದೇ ತೂಕದ ತೇಲುವ ಲೈನು, ಲೈನಿಗೂ ಫ್ಲೈಗೂ ನಡುವೆ ಕಟ್ಟುವ 9 ಅಡಿಯ ತೆಳು ದಾರ, ಅಂದರೆ ಲೀಡರ್, ಸಾಕು. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಫ್ಲೈಗೆ ತೂಕವೆಂಬುದೇ ಇಲ್ಲ, ಲೈನೇ ಅದನ್ನು ಒಯ್ಯಬೇಕು. ಎಸೆತದ ಎಲ್ಲ ಕಷ್ಟವೂ ಇಲ್ಲಿಂದಲೇ ಶುರು.

ಮೊದಲ ಗಂಟೆ ನೀರು ಮುಟ್ಟಬೇಡಿ. ದಂಡೆಯ ಹುಲ್ಲಿನ ಮೇಲೆ, ಗಾಳದ ಬದಲು ತುಸು ಕೆಂಪು ಉಣ್ಣೆ ಕಟ್ಟಿಕೊಂಡು, 20 ಅಡಿ ಲೈನು ಹೊರಗೆ ಬಿಟ್ಟು ಅಭ್ಯಾಸ ಮಾಡಿ. ಹೆಬ್ಬೆರಳು ಹಿಡಿಯ ಮೇಲಿರಲಿ. ಮುಂದೆ ಗಡಿಯಾರದ ಹತ್ತು, ಹಿಂದೆ ಒಂದು: ರಾಡು ಈ ಎರಡರ ನಡುವೆಯೇ ಓಡಿ, ಎರಡು ತುದಿಯಲ್ಲೂ ಗಕ್ಕನೆ ನಿಲ್ಲಬೇಕು. ಹಿಂದಕ್ಕೆ ಹೋದ ಲೈನು ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ. ಕತ್ತು ತಿರುಗಿಸಿ ನೋಡಿ, ನಾಚಿಕೆಯೇನಿಲ್ಲ. ಲೈನು ಉದ್ದವಾದಷ್ಟೂ ಕಾಯುವ ಹೊತ್ತೂ ಉದ್ದ. ಆತುರಪಟ್ಟರೆ ಎತ್ತಿನ ಬಾರುಕೋಲಿನಂತೆ ಛಟೀರ್ ಎನ್ನುತ್ತದೆ. ಗಾಳವಿದ್ದರೆ ಆ ಸದ್ದಿನ ಜೊತೆಗೇ ಫ್ಲೈ ಹರಿದು ಹೋಗಿರುತ್ತದೆ.

ಇನ್ನೊಂದು ತಪ್ಪು ಮಣಿಕಟ್ಟಿನದು. ಅದು ಹಿಂದಕ್ಕೆ ಮಡಚಿದರೆ ರಾಡಿನ ತುದಿ ನೆಲದತ್ತ ಬಾಗಿ, ಲೈನು ಹುಲ್ಲಿಗೆ ಸಿಕ್ಕಿಕೊಳ್ಳುತ್ತದೆ. ತುಂಬುತೋಳಿನ ಅಂಗಿ ತೊಟ್ಟು, ರಾಡಿನ ಬುಡವನ್ನು ತೋಳಿನ ಪಟ್ಟಿಯೊಳಗೆ ಸಿಕ್ಕಿಸಿಕೊಂಡರೆ ಮಣಿಕಟ್ಟು ತಾನಾಗಿಯೇ ನೆಟ್ಟಗಿರುತ್ತದೆ. ಮುಂದೆಸೆಯುವಾಗ ಒಮ್ಮೆಲೇ ಜಾಡಿಸಿದರೆ ಲೀಡರಿನಲ್ಲಿ ಸಣ್ಣ ಗಂಟು ಬೀಳುತ್ತದೆ. ಅದನ್ನು ಬಿಚ್ಚದೆ ಬಿಟ್ಟರೆ ದಾರದ ಬಲ ಅರ್ಧದಷ್ಟು ಹೋಯಿತೆಂದೇ ತಿಳಿಯಿರಿ. ಬಿಸಿಲೇರಿದಂತೆ ಗಾಳಿಯೂ ಏಳುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿರುವ ಸೀಮೆಯಿದು. ಬೆಳಗಿನ ಹೊತ್ತೇ ಮೇಲು. ಕಪ್ಪು ಕನ್ನಡಕ, ಟೊಪ್ಪಿ ಮರೆಯಬಾರದು.

ಫ್ಲೈ ಆರಿಸುವಾಗ ಡಬ್ಬಿ ತೆರೆಯುವ ಮೊದಲು ದಂಡೆ ನೋಡಿ. ಮೊಣಕಾಲುದ್ದ ನೀರಿನಲ್ಲಿ ಒಂದು ಕಲ್ಲೆತ್ತಿ ಮಗುಚಿದರೆ, ಅದರ ಅಡಿಯಲ್ಲಿ ಹರಿದಾಡುವ ಕಂದು ಮರಿಹುಳಗಳೇ ಮೀನಿನ ದಿನದ ಊಟ. ಅಲ್ಲಿಗೆ ಆ ಮರಿಹುಳದಂತೆಯೇ ಕಟ್ಟಿದ 12 ಅಥವಾ 14 ನಂಬರಿನ ನಿಂಫ್ ಎಂಬ ಫ್ಲೈ. ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು, ಹೊಸಬರು ಅಂಗಡಿಯಲ್ಲಿ ಎಡವುವುದು ಇಲ್ಲೇ. ದಂಡೆಯ ಹುಲ್ಲಿನಿಂದ ಮಿಡತೆ ಜಿಗಿಯುತ್ತಿದ್ದರೆ 10 ನಂಬರಿನ ಹಾಪರ್, ತೇಲಿಬಿಡಲು. ಸಣ್ಣ ಮೀನಿನ ಹಿಂಡು ಚದುರಿ ಓಡುತ್ತಿದ್ದರೆ ಸಣ್ಣ ಮೀನಿನಂತೆ ಈಜಿಸುವ ಫ್ಲೈ, 8 ನಂಬರಿನ ಕಪ್ಪು ವೂಲಿ ಬಗರ್ ಹಾಕಿ, ಒಂದೊಂದು ಗೇಣು ಎಳೆದು ನಿಲ್ಲಿಸಿ. ಈ ಮೂರರಲ್ಲಿ ನಾಲ್ಕು ನಾಲ್ಕು ಇದ್ದರೆ ಒಂದು ದಿನ ಸಾಗುತ್ತದೆ. ಐವತ್ತು ಬಣ್ಣದ ಡಬ್ಬಿ ಅಂಗಡಿಯವನಿಗೆ ಲಾಭ, ಅಷ್ಟೇ. ಕೊರವ ಮೀನಿಗೆ ಹರಿತ ಹಲ್ಲು, ಅದಕ್ಕೆ ದಪ್ಪ ದಾರ ಬೇಕು. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ತಂದೆಯೋ ತಾಯಿಯೋ ಕೆಳಗೇ ಕಾವಲಿದೆಯೆಂದು ಅರ್ಥ, ಅಲ್ಲಿ ಎಸೆಯಬೇಡಿ.

ಗಾಳಕ್ಕೆ ದಾರ ಪೋಣಿಸಿ, ದಾರದ ಮೇಲೇ ಐದು ಸುತ್ತು ಹಾಕಿ, ತುದಿಯನ್ನು ಗಾಳದ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಬೇಕು. ಒಣಗಂಟು ಎಳೆದರೆ ಉಜ್ಜಿ ಬಿಸಿಯಾಗಿ ನೈಲಾನ್ ಸೊರಗುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದರೆ ಮೀನಿನ ಬಾಯಿಂದಲೂ ನಿಮ್ಮ ಕಿವಿಯಿಂದಲೂ ಸಲೀಸಾಗಿ ಬಿಡಿಸಬಹುದು.